ವಸಂತದಲ್ಲಿ ವಿಶ್ವವಿದ್ಯಾಲಯದ ಸಂಗೀತ ಕಛೇರಿ, ಕಲಾ ಪ್ರದರ್ಶನ, ಉಪನ್ಯಾಸಗಳಿಗೆ ಹೋಗೋದು ಹೇಗೆ?

ನಗರದ ವಿಶ್ವವಿದ್ಯಾಲಯ ಅಂದ್ರೆ ವಿದ್ಯಾರ್ಥಿಗಳಿಗೆ ಮಾತ್ರ ಅಂತ ಸುಮ್ನೆ ದೂರ ಉಳಿಯಬೇಡಿ. ಎಷ್ಟೋ ಕಾರ್ಯಕ್ರಮಗಳು ಎಲ್ಲರಿಗೂ ತೆರೆದಿರುತ್ತವೆ, ಅದರಲ್ಲೂ ಹಲವು ಉಚಿತ.

ಮೊದಲು ಕ್ಯಾಲೆಂಡರ್ ನೋಡಿ. ಮುಖ್ಯ ಕ್ಯಾಲೆಂಡರ್ ಒಂದೇ ಸಾಲದು, ಸಂಗೀತ, ಕಲೆ, ಇತಿಹಾಸ ವಿಭಾಗಗಳ ಪಟ್ಟಿಯನ್ನೂ ಬೇರೆಯಾಗಿ ನೋಡಿ, ಯಾಕಂದ್ರೆ ಸಣ್ಣ ಕಾರ್ಯಕ್ರಮಗಳು ಎಷ್ಟೋ ಸಲ ಅಲ್ಲಿ ಮಾತ್ರ ಇರುತ್ತವೆ. ಇಮೇಲ್ ಪಟ್ಟಿ ಇದ್ದರೆ ಸೇರಿಕೊಳ್ಳಿ.

ನನ್ನ ಪ್ರಕಾರ ಬಿಡಲೇಬಾರದ್ದು ಕೊನೆಯ ವರ್ಷದ ವಿದ್ಯಾರ್ಥಿಗಳ ಸಂಗೀತ ಕಛೇರಿ. ಶೈಕ್ಷಣಿಕ ವರ್ಷ ಮೇ, ಜೂನ್ ಹೊತ್ತಿಗೆ ಮುಗಿಯುವ ಕಡೆ ಪದವಿಗಾಗಿ ನುಡಿಸುವ ಕಛೇರಿಗಳೂ ಕಲಾ ವಿದ್ಯಾರ್ಥಿಗಳ ಪದವಿ ಪ್ರದರ್ಶನಗಳೂ ವಸಂತದಲ್ಲೇ ಸಾಲುಗಟ್ಟಿ ಬರುತ್ತವೆ. ವರ್ಷಗಟ್ಟಲೆ ಅಭ್ಯಾಸ ಮಾಡಿದ್ದನ್ನು ಒಂದು ಗಂಟೆಯಲ್ಲಿ ತೋರಿಸಬೇಕು, ಎದುರಿಗೆ ಪರೀಕ್ಷಕರು ಬೇರೆ! ಆ ನಡುಕ, ಆ ಹುರುಪು ದೊಡ್ಡ ಸಭಾಂಗಣದಲ್ಲಿ ಸಿಗೋದು ಕಷ್ಟ. ಪಾಶ್ಚಾತ್ಯ ಸಂಗೀತವಾದರೆ ಒಂದು ಕೃತಿಯ ಭಾಗಗಳ ನಡುವೆ ಚಪ್ಪಾಳೆ ತಟ್ಟುವ ರೂಢಿ ಇಲ್ಲ, ಅನುಮಾನ ಬಂದರೆ ಪಕ್ಕದವರನ್ನು ನೋಡಿ, ನಾನೂ ಹಾಗೇ ಮಾಡೋದು.

ಪ್ರದರ್ಶನಕ್ಕೆ ಮೊದಲ ಸಂಜೆಯೇ ಹೋಗಿ. ಕಲಾವಿದರೇ ಅಲ್ಲಿರುತ್ತಾರೆ, ಮಾತಾಡಿಸಬಹುದು.

ಉಪನ್ಯಾಸಕ್ಕೆ ಹದಿನೈದು ನಿಮಿಷ ಮುಂಚೆ ತಲುಪಿ. ಕ್ಯಾಂಪಸ್‌ನಲ್ಲಿ ಸರಿಯಾದ ಕಟ್ಟಡ ಹುಡುಕೋದೇ ಒಂದು ಕೆಲಸ, ಅಲ್ವಾ? ವಿಷಯ ಗೊತ್ತಿಲ್ಲ ಅಂತ ಹಿಂಜರಿಯಬೇಡಿ, ಆದರೆ ‘ಸಾರ್ವಜನಿಕ ಉಪನ್ಯಾಸ’ ಅಂತ ಇದೆಯಾ ನೋಡಿಕೊಳ್ಳಿ. ‘ಸೆಮಿನಾರ್’ ಅಂದ್ರೆ ಸಾಮಾನ್ಯವಾಗಿ ಆ ವಿಷಯದವರಿಗೇ. ಪ್ರಶ್ನೆ ಕೇಳೋದಾದರೆ ಒಂದೇ ಕೇಳಿ, ಭಾಷಣ ಬೇಡ.