‘ಸಿ–ಎಚ್’ ಜೋಡಿಯನ್ನು ಕನ್ನಡಕ್ಕೆ ತರುವ ಬಗೆ: ನನ್ನ ಅನುಭವ

ಅನುವಾದ ಮಾಡುವಾಗ ರೋಮನ್ ಲಿಪಿಯ ‘ಸಿ’ ಮತ್ತು ‘ಎಚ್’ ಅಕ್ಕಪಕ್ಕ ಬಂದಿರುವ ಹೆಸರು ಎದುರಾದಾಗಲೆಲ್ಲ, ಅದು ಯಾವ ಭಾಷೆಯ ಹೆಸರೆಂದು ತಿಳಿಯುವವರೆಗೆ ನಾನು ಅದನ್ನು ಕನ್ನಡದಲ್ಲಿ ಬರೆಯುವುದಿಲ್ಲ. ಇಂಗ್ಲಿಷಿನ ರೂಢಿಯಿಂದ ಕೈ ತಾನಾಗಿ ‘ಚ’ ಎಂದು ಬರೆಯಲು ಹೋಗುತ್ತದೆ. ಸ್ಪ್ಯಾನಿಷ್ ಹೆಸರುಗಳಿಗೆ ಅದು ಹೊಂದುತ್ತದೆ. ಫ್ರೆಂಚ್ ಮತ್ತು ಪೋರ್ಚುಗೀಸಿನಲ್ಲಿ ಅದೇ ಜೋಡಿ ‘ಶ’ ಆಗುತ್ತದೆ.

ಇಟಾಲಿಯನ್ನಿನ ನಿಯಮ ನನಗೆ ಅತ್ಯಂತ ಪ್ರಿಯವಾದದ್ದು. ಅಲ್ಲಿ ‘ಇ’ ಅಥವಾ ‘ಎ’ ಸ್ವರ ಹಿಂಬಾಲಿಸಿದರೆ ಒಂಟಿ ‘ಸಿ’ಯೇ ‘ಚ’ ಎಂದು ನುಡಿಯುತ್ತದೆ. ‘ಕ’ ಉಳಿಯಬೇಕಾದರೆ ನಡುವೆ ‘ಎಚ್’ ಸೇರಿಸುತ್ತಾರೆ. ಇಂಗ್ಲಿಷಿನಲ್ಲಿ ‘ಚ’ಕಾರವನ್ನು ತರುವ ಅಕ್ಷರವೇ ಇಲ್ಲಿ ಅದನ್ನು ತಡೆಯುತ್ತದೆ. ಆದ್ದರಿಂದ ಆ ಶಿಲ್ಪಿಯನ್ನು ಮಿಕೆಲಾಂಜೆಲೊ ಎಂದೇ ಬರೆಯುತ್ತೇನೆ.

ಜರ್ಮನ್ ಹೆಸರುಗಳಲ್ಲಿ ಹಿಂದಿನ ಸ್ವರವನ್ನು ನೋಡಬೇಕು. ‘ಆ’, ‘ಓ’, ‘ಉ’ಗಳ ನಂತರ ಈ ಜೋಡಿ ಗಂಟಲ ಬಳಿ ಉಜ್ಜಿ ಹೊರಡುವ ಧ್ವನಿ, ‘ಇ’, ‘ಎ’ಗಳ ನಂತರ ಅದು ಅಂಗುಳಕ್ಕೆ ಸರಿದು ‘ಹ’ ಮತ್ತು ‘ಶ’ಗಳ ನಡುವೆ ಎಲ್ಲೋ ನಿಲ್ಲುತ್ತದೆ. ಇವೆರಡಕ್ಕೂ ಕನ್ನಡದಲ್ಲಿ ಅಕ್ಷರವಿಲ್ಲ. ನಮ್ಮ ‘ಖ’ ಉಸಿರನ್ನು ತಡೆದು ಬಿಡುವ ವ್ಯಂಜನವಾದರೂ, ಉಸಿರಿನ ಸುಳಿವಾದರೂ ಉಳಿಯಲೆಂದು ಸಂಗೀತಗಾರನ ಹೆಸರನ್ನು ‘ಬಾಕ್’ ಎನ್ನದೆ ‘ಬಾಖ್’ ಎಂದು ಬರೆಯುತ್ತೇನೆ. ಗ್ರೀಕಿನ ಮಹಾಪ್ರಾಣ ‘ಖ’ವನ್ನು ಬರೆಯಲೆಂದೇ ರೋಮನ್ನರು ಈ ಜೋಡಿಯನ್ನು ಬಳಸಿದ್ದರು ಎಂಬುದೂ ಈ ಆಯ್ಕೆಗೆ ನನಗೆ ಧೈರ್ಯ ಕೊಡುತ್ತದೆ.

ಹುಟ್ಟಿದ ದೇಶವನ್ನಷ್ಟೇ ನೋಡಿದರೆ ಸಾಲದು. ಪೋಲಿಷ್ ಭಾಷೆಯಲ್ಲಿ ಈ ಜೋಡಿ ‘ಹ’ಕ್ಕೆ ಹತ್ತಿರ, ಆದರೆ 1810ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದ ಸಂಗೀತಗಾರನ ತಂದೆ ಫ್ರಾನ್ಸಿನವರಾದ್ದರಿಂದ ಆ ಮನೆತನದ ಹೆಸರು ಶೋಪ್ಯಾಂ.

ನಿಘಂಟು ನೋಡುವಾಗಲೂ ಎಚ್ಚರ ಬೇಕು. ಚೆಕ್ ಭಾಷೆಯಲ್ಲಿ ಈ ಜೋಡಿ ಸ್ವತಂತ್ರ ಅಕ್ಷರವಾಗಿದ್ದು, ‘ಎಚ್’ ವಿಭಾಗ ಮುಗಿದ ಮೇಲೆ ಸಿಗುತ್ತದೆ. ಸ್ಪ್ಯಾನಿಷಿನಲ್ಲಿಯೂ 1994ರವರೆಗೆ ಇದಕ್ಕೆ ಬೇರೆಯೇ ವಿಭಾಗವಿತ್ತು.

ರೋಮನ್ ಲಿಪಿಯಲ್ಲಿರುವ ಕನ್ನಡ ಹೆಸರನ್ನು ಮರಳಿ ಕನ್ನಡಕ್ಕೆ ತರುವಾಗ ತೊಡಕು ಇನ್ನೊಂದು ಬಗೆಯದು. ದಿನಬಳಕೆಯಲ್ಲಿ ‘ಸಿ–ಎಚ್’ ಎಂದರೆ ‘ಚ’. 2001ರ ಅಂತರರಾಷ್ಟ್ರೀಯ ಲಿಪ್ಯಂತರ ಮಾನಕವಾದ ಐಎಸ್‌ಒ 15919ರಲ್ಲಿ ಒಂಟಿ ‘ಸಿ’ಯೇ ‘ಚ’, ಜೋಡಿ ಬಂದರೆ ‘ಛ’. ಹೀಗಾಗಿ ಗ್ರಂಥಸೂಚಿಯೊಂದನ್ನು ಕೈಗೆತ್ತಿಕೊಂಡಾಗ, ಅದರಲ್ಲಿ ‘ಚ’ಕಾರಕ್ಕೆ ಒಂಟಿ ‘ಸಿ’ ಬಳಕೆಯಾಗಿದೆಯೇ ಎಂದು ಮೊದಲು ಪುಟ ತಿರುಗಿಸಿ ನೋಡಿ, ಆಮೇಲೆ ಹೆಸರುಗಳನ್ನು ಬರೆಯತೊಡಗುತ್ತೇನೆ.