ಹಳೇ ಬಿಬಿಎಸ್‌ಗೆ ಡೋರ್ ಗೇಮ್ ಕೂರಿಸಿದ್ದು: ನನ್ನ ಅನುಭವ

ಬಿಬಿಎಸ್ ಅಂದರೆ ಬುಲೆಟಿನ್ ಬೋರ್ಡ್ ಸಿಸ್ಟಮ್, ಜನ ಫೋನ್ ಲೈನ್ ಮೇಲೆ ಡಯಲ್ ಮಾಡಿ ಒಳಗೆ ಬಂದು ಮೆಸೇಜ್, ಫೈಲ್, ಆಟ ಹಂಚಿಕೊಳ್ಳುವ ಕಂಪ್ಯೂಟರ್. ಅದನ್ನು ಎಬ್ಬಿಸಿ ನಿಲ್ಲಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಮ್ಯಾನ್ಯುಯಲ್ ಪಕ್ಕದಲ್ಲಿಟ್ಟುಕೊಂಡು ಕೂತರೆ ಮೆಸೇಜ್ ಏರಿಯಾ, ಫೈಲ್ ಏರಿಯಾ, ಬಳಕೆದಾರರ ಪಟ್ಟಿ ಎಲ್ಲ ಒಂದೊಂದಾಗಿ ಸರಿಹೋಗುತ್ತವೆ. ತಲೆ ತಿನ್ನುವುದು ಡೋರ್. ಮೋಡೆಮ್‌ನಿಂದ ಡಯಲ್ ಮಾಡಿ ಒಳಗೆ ಬಂದವರು ಮೆನುವಿನಲ್ಲಿ ಒಂದು ಅಕ್ಷರ ಒತ್ತುತ್ತಾರೆ. ಬಿಬಿಎಸ್ ಪಕ್ಕಕ್ಕೆ ಸರಿಯುತ್ತದೆ. ಇನ್ಯಾರೋ ಬರೆದ ಬೇರೆಯೇ ಪ್ರೋಗ್ರಾಂ ಅದೇ ಲೈನ್ ಹಿಡಿದು ಅವರ ಜೊತೆ ಮಾತಾಡುತ್ತದೆ. ಆಟ ಮುಗಿದ ಮೇಲೆ ಲೈನ್ ಮತ್ತೆ ಬಿಬಿಎಸ್ ಕೈಗೆ. ಡೋರ್ ಕೈಕೊಟ್ಟಾಗ ತೊಂದರೆ ಆಟದ ಒಳಗೆ ಇರುವುದು ತೀರಾ ಕಡಿಮೆ. ಲೈನ್ ಕೊಡುವಾಗ, ಇಲ್ಲಾ ವಾಪಸ್ ತೆಗೆದುಕೊಳ್ಳುವಾಗ ಏನೋ ಎಡವಟ್ಟಾಗಿರುತ್ತದೆ. ನಾನು ಸೆಟಪ್ ಮಾಡಿದ್ದೂ, ಹುಡುಕಿದ್ದೂ ಈ ಲೆಕ್ಕದಲ್ಲೇ.

ನನ್ನ ಹತ್ತಿರ ಇದ್ದದ್ದು ಒಂದು ಹಳೇ ಪೆಂಟಿಯಂ, ಅದರಲ್ಲಿ ಎಂಎಸ್-ಡಾಸ್ 6.22, ಬಿಬಿಎಸ್ ಆಗಿ ರಿಮೋಟ್‌ಆಕ್ಸೆಸ್. ಹೊರಗೆ ಒಂದು ಎಕ್ಸ್‌ಟರ್ನಲ್ ಮೋಡೆಮ್. ಇನ್ನೊಂದು ಕಂಪ್ಯೂಟರ್‌ಗೆ ಇನ್ನೊಂದು ಮೋಡೆಮ್. ಎರಡರ ನಡುವೆ ಪುಟ್ಟ ಇಂಟರ್‌ಕಾಮ್ ಎಕ್ಸ್‌ಚೇಂಜ್. ಒಂದು ಎಕ್ಸ್‌ಟೆನ್ಶನ್‌ನಿಂದ ಇನ್ನೊಂದಕ್ಕೆ ಡಯಲ್ ಮಾಡಿದರೆ ನಿಜವಾದ ರಿಂಗ್, ನಿಜವಾದ ಕಿರಿಕಿರಿ ಸದ್ದು, ನಿಜವಾದ ಕನೆಕ್ಟ್. ಮೋಡೆಮ್ ಎಕ್ಸ್‌ಟರ್ನಲ್ ಆಗಿದ್ದರೇ ಒಳ್ಳೆಯದು. ಅದರ ಮುಂದಿರುವ ಕೆಂಪು ದೀಪಗಳಿಗಿಂತ ಒಳ್ಳೆಯ ಡೀಬಗ್ಗರ್ ಈ ಕೆಲಸಕ್ಕೆ ಸಿಗುವುದಿಲ್ಲ. ಅದರಲ್ಲೂ ಸಿಡಿ ಅಂತ ಬರೆದಿರುವ ಕ್ಯಾರಿಯರ್ ದೀಪ. ಆ ಕಡೆಯ ಮೋಡೆಮ್ ಇನ್ನೂ ಲೈನ್‌ನಲ್ಲಿ ಇದೆಯೋ ಇಲ್ಲವೋ ಹೇಳುವುದು ಅದೇ.

ಆಟವಾಗಿ ಆರಿಸಿಕೊಂಡಿದ್ದು ಲೆಜೆಂಡ್ ಆಫ್ ದಿ ರೆಡ್ ಡ್ರ್ಯಾಗನ್. ಎಲ್ಲರೂ ಲಾರ್ಡ್ ಅಂತಲೇ ಕರೆಯುತ್ತಾರೆ. ಸೆತ್ ಏಬಲ್ ರಾಬಿನ್ಸನ್ 1989ರಲ್ಲಿ ಬರೆದ ಆಟ. ದಿನಕ್ಕೆ ಇಷ್ಟೇ ಕಾಳಗ, ಮುಗಿದರೆ ನಾಳೆ ಬನ್ನಿ ಅನ್ನುವ ಜಾತಿಯದು. ಒಂದೇ ಫೋನ್ ಲೈನ್ ಇರುವ ಬಿಬಿಎಸ್‌ಗೆ ಇದಕ್ಕಿಂತ ಹೊಂದುವ ಆಟ ಇಲ್ಲ. ಒಬ್ಬರೇ ಗಂಟೆಗಟ್ಟಲೆ ಲೈನ್ ಹಿಡಿದು ಕೂರುವ ಹಾಗಿಲ್ಲವಲ್ಲ.

ಮೊದಲ ಕೆಲಸ, ಬಿಬಿಎಸ್ ಮುಟ್ಟದೆ ಆಟವನ್ನು ಲೋಕಲ್ ಆಗಿ ಓಡಿಸಿ ನೋಡಿದ್ದು. ಪ್ರತಿ ಡೋರ್‌ಗೂ ಅದರದ್ದೇ ಡೈರೆಕ್ಟರಿ, ಹೆಸರು ಎಂಟು ಅಕ್ಷರದ ಒಳಗೆ. ಜಿಪ್ ಬಿಚ್ಚಿ, ಮೋಡೆಮ್ ಗೀಡೆಮ್ ಏನೂ ಇಲ್ಲದೆ ಕೀಬೋರ್ಡ್‌ನಲ್ಲೇ ಆಡಿದೆ. ಇಲ್ಲಿಯೇ ಓಡದಿದ್ದರೆ ಲೈನ್ ಮೇಲೆ ಓಡುವ ಮಾತೇ ಇಲ್ಲ. ಬಹಳಷ್ಟು ಹಳೇ ಡೋರ್‌ಗಳನ್ನು ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದಿದ್ದಾರೆ. ಅವುಗಳದ್ದೊಂದು ಹೆಸರಾಂತ ಕಾಯಿಲೆ ಇದೆ: ಸುಮಾರು 200 ಮೆಗಾಹರ್ಟ್ಸ್‌ಗಿಂತ ವೇಗದ ಪ್ರೊಸೆಸರ್ ಮೇಲೆ ಶುರುವಾದ ಕೂಡಲೇ 'ರನ್‌ಟೈಮ್ ಎರರ್ 200' ಅಂತ ಹೇಳಿ ಸಾಯುತ್ತವೆ. ಪ್ರೋಗ್ರಾಂ ಏಳುವಾಗ ಸಿಆರ್‌ಟಿ ಯೂನಿಟ್ (ಪರದೆ, ಕೀಬೋರ್ಡ್ ನೋಡಿಕೊಳ್ಳುವ ಟರ್ಬೋ ಪ್ಯಾಸ್ಕಲ್‌ನ ಸಿದ್ಧ ಕೋಡ್) ಮಷಿನ್ ಎಷ್ಟು ವೇಗ ಅಂತ ಅಳೆಯುತ್ತದೆ. ಲೆಕ್ಕ ಅದು ಇಟ್ಟುಕೊಂಡ ಜಾಗಕ್ಕಿಂತ ದೊಡ್ಡದಾಗಿ ಭಾಗಾಕಾರ ಮುರಿಯುತ್ತದೆ. ಆಟದ ಕೋಡ್ ಇನ್ನೂ ಶುರುವೇ ಆಗಿರುವುದಿಲ್ಲ. ಇಎಕ್ಸ್‌ಇ ಫೈಲನ್ನೇ ತಿದ್ದುವ ಸಣ್ಣ ಪ್ಯಾಚ್ ಪ್ರೋಗ್ರಾಂಗಳಿವೆ, ಅವು ಸಾಕು. ನನ್ನ ಪೆಂಟಿಯಂ ನಿಧಾನದ್ದು, ಹಾಗಾಗಿ ಲಾರ್ಡ್ ಸುಮ್ನೆ ಓಡಿತು.

ಇನ್ನು ಡ್ರಾಪ್ ಫೈಲ್. ಡೋರ್ ಸೆಟಪ್‌ನ ಅರ್ಧ ಜೀವ ಇದರಲ್ಲೇ ಇದೆ. ಡ್ಯೂಟಿ ಮುಗಿಸಿದ ಕಂಡಕ್ಟರ್ ಮುಂದಿನವನ ಕೈಗೆ ವೇಬಿಲ್ ಕೊಟ್ಟು ಇಳಿಯುವ ಹಾಗೆ, ಬಿಬಿಎಸ್ ಒಂದು ಸಣ್ಣ ಟೆಕ್ಸ್ಟ್ ಫೈಲ್ ಬರೆದಿಟ್ಟು ಸರಿಯುತ್ತದೆ. ಯಾರು ಬಂದಿದ್ದಾರೆ, ಯಾವ ಪೋರ್ಟ್, ಎಷ್ಟು ವೇಗ, ಎಷ್ಟು ನಿಮಿಷ ಉಳಿದಿದೆ, ಎಲ್ಲ ಅದರಲ್ಲಿ. ಒಂದೊಂದು ಬಿಬಿಎಸ್ ಒಂದೊಂದು ಥರದ ಫೈಲ್ ಬರೆಯುತ್ತಿತ್ತು. ಆರ್‌ಬಿಬಿಎಸ್-ಪಿಸಿ ಕಡೆಯಿಂದ ಬಂದದ್ದು ಡಾರ್‌ಇನ್ಫೋ1.ಡೆಫ್. ಗ್ಯಾಪ್ ಅನ್ನುವ ಬಿಬಿಎಸ್‌ನಿಂದ ಬಂದದ್ದು ಡೋರ್.ಸಿಸ್. ಡಬ್ಲ್ಯುಡಬ್ಲ್ಯುಐವಿ ಬರೆಯುತ್ತಿದ್ದದ್ದು ಚೈನ್.ಟಿಎಕ್ಸ್‌ಟಿ. ಲಾರ್ಡ್‌ನ ಸೆಟಪ್ ಪ್ರೋಗ್ರಾಂ ಲಾರ್ಡ್‌ಸಿಎಫ್‌ಜಿ ಮುಖ್ಯವಾಗಿ ಕೇಳುವುದೂ ಇದನ್ನೇ: ಯಾವ ಥರದ ಫೈಲ್, ಯಾವ ಡೈರೆಕ್ಟರಿಯಲ್ಲಿ?

ಡಾರ್‌ಇನ್ಫೋ1.ಡೆಫ್ ತೆರೆದು ನೋಡಿದರೆ ಬರೀ 13 ಸಾಲು. ಮೊದಲ ಸಾಲಿನಲ್ಲಿ ಬಿಬಿಎಸ್ ಹೆಸರು. ಆಮೇಲೆ ಎರಡು ಸಾಲು ಸಿಸಾಪ್, ಅಂದರೆ ಬಿಬಿಎಸ್ ನಡೆಸುವವರ ಹೆಸರು, ಮೊದಲ ಹೆಸರು ಒಂದು, ಕೊನೆ ಹೆಸರು ಒಂದು. ನಾಲ್ಕನೇ ಸಾಲು ಕಾಮ್1. ಅಲ್ಲಿ ಕಾಮ್0 ಅಂತಿದ್ದರೆ ಲೋಕಲ್, ಅಂದರೆ ಮೋಡೆಮ್ ಕಡೆ ತಿರುಗಿಯೂ ನೋಡಬೇಡ ಅಂತ ಅರ್ಥ. ಐದನೇ ಸಾಲು '38400 ಬಾಡ್,ಎನ್,8,1'. ಏಳು, ಎಂಟನೇ ಸಾಲು ಕರೆ ಮಾಡಿದವರ ಹೆಸರು, ಒಂಬತ್ತನೆಯದು ಅವರ ಊರು. ಹತ್ತನೇ ಸಾಲು ಗ್ರಾಫಿಕ್ಸ್: ಸೊನ್ನೆ ಇದ್ದರೆ ಬಣ್ಣವಿಲ್ಲದ ಬೋಳು ಅಕ್ಷರ. ಹನ್ನೊಂದು ಸೆಕ್ಯುರಿಟಿ ಲೆವೆಲ್, ಹನ್ನೆರಡು ಉಳಿದ ನಿಮಿಷ, ಹದಿಮೂರು ಫಾಸಿಲ್ (ಸೀರಿಯಲ್ ಪೋರ್ಟ್ ನಡೆಸುವ ಡ್ರೈವರ್, ಮುಂದೆ ಹೇಳುತ್ತೇನೆ) ಇದೆಯೋ ಇಲ್ಲವೋ.

ಡೋರ್.ಸಿಸ್ ಇದಕ್ಕಿಂತ ಉದ್ದ, 52 ಸಾಲು. ಹೆಚ್ಚಿನ ಆಟಗಳು ಅದನ್ನೇ ಇಷ್ಟಪಡುತ್ತವೆ. ನನಗೆ ಮಾತ್ರ ಅದರ ಮೇಲೆ ಅಷ್ಟು ಪ್ರೀತಿ ಇಲ್ಲ. ಅದರ 12 ಮತ್ತು 13ನೇ ಸಾಲು ಬಳಕೆದಾರರ ಫೋನ್ ನಂಬರುಗಳು, 14ನೆಯದು ಪಾಸ್‌ವರ್ಡ್! ಆಟಕ್ಕೆ ಅದೆಲ್ಲ ಯಾಕೆ ಬೇಕು? ಎಷ್ಟೋ ಬಿಬಿಎಸ್‌ಗಳು ಆ ಜಾಗದಲ್ಲಿ ಸುಳ್ಳು ಪದ ಬರೆದು ಸುಮ್ಮನಾಗುತ್ತವೆ. ಆದರೂ ಎಲ್ಲಿಂದಲೋ ಬಂದ ಡೋರ್‌ಗೆ ನಾನು ಚಿಕ್ಕ ಫೈಲನ್ನೇ ಕೊಡುತ್ತೇನೆ, ಅದಕ್ಕೆ ಓದಲು ಬಂದರೆ.

ಫೈಲ್ ಎಲ್ಲಿ ಬೀಳುತ್ತದೆ ಅನ್ನುವುದು ಎರಡನೇ ಪ್ರಶ್ನೆ. ಬಿಬಿಎಸ್ ತನ್ನ ಡೈರೆಕ್ಟರಿಯಲ್ಲಿ ಬರೆದು, ಡೋರ್ ತನ್ನ ಡೈರೆಕ್ಟರಿಯಲ್ಲಿ ಹುಡುಕಿದರೆ 'ಫೈಲ್ ಸಿಗಲಿಲ್ಲ' ಅಂತ ಒಂದು ಸಾಲು ಮಿಂಚಿ ಮಾಯವಾಗುತ್ತದೆ. ಓದಲಿಕ್ಕೂ ಸಮಯ ಸಿಗುವುದಿಲ್ಲ. ಇದಕ್ಕಿಂತ ಕೆಟ್ಟದ್ದು ನಿನ್ನೆಯ ಹಳೇ ಫೈಲ್ ಅಲ್ಲೇ ಬಿದ್ದಿರುವುದು. ಆಗ ಆಟ ಚೆನ್ನಾಗಿಯೇ ಶುರುವಾಗುತ್ತದೆ, ಆದರೆ ಇನ್ನೊಬ್ಬರ ಹೆಸರಿನಲ್ಲಿ! ಹಾಗಾಗಿ ನನ್ನ ಬ್ಯಾಚ್ ಫೈಲ್‌ನಲ್ಲಿ ಎರಡು ಸಾಲು ಖಾಯಂ. ಆಟಕ್ಕೆ ಮುಂಚೆ ಡ್ರಾಪ್ ಫೈಲಿನ ಒಂದು ನಕಲನ್ನು ಬೇರೆ ಹೆಸರಿನಲ್ಲಿ ಎತ್ತಿಡುವುದು. ಆಟ ಮುಗಿದ ಮೇಲೆ ಅಸಲು ಫೈಲನ್ನು ಅಳಿಸುವುದು. ಏನಾದರೂ ಎಡವಟ್ಟಾದರೆ ಆ ನಕಲು ತೆರೆದು ಸಾಲು ಸಾಲಾಗಿ ನೋಡಿದರೆ ಮುಕ್ಕಾಲು ಪಾಲು ಸಲ ಕಾರಣ ಅಲ್ಲೇ ಕಣ್ಣಿಗೆ ಬೀಳುತ್ತದೆ.

ಈಗ ಲೈನ್. ಡಾಸ್‌ಗೆ ಸೀರಿಯಲ್ ಪೋರ್ಟ್ ಸರಿಯಾಗಿ ನಡೆಸಲು ಬರುವುದಿಲ್ಲ. ಅದಕ್ಕೇ ಫಾಸಿಲ್ ಡ್ರೈವರ್ ಅಂತ ಬಂದದ್ದು. ಇಂಟರಪ್ಟ್ 14 ಹೆಕ್ಸ್‌ನಲ್ಲಿ ಕೂತು, ಬಂದ ಅಕ್ಷರಗಳನ್ನು ಬಫರ್‌ನಲ್ಲಿಟ್ಟು, ಕೇಳಿದವರಿಗೆ ಕೊಡುತ್ತದೆ. ಎಕ್ಸ್00 ಮತ್ತು ಬಿಎನ್‌ಯು ಎರಡೂ ಹೆಸರಾದವು. ನಾನು ಹಾಕಿದ್ದು ಬಿಎನ್‌ಯು. ರಿಮೋಟ್‌ಆಕ್ಸೆಸ್ ಹೇಗೂ ಫಾಸಿಲ್ ಇಲ್ಲದೆ ಲೈನ್ ಮುಟ್ಟುವುದಿಲ್ಲ, ಹಾಗಾಗಿ ಅದು ಮೊದಲೇ ಮೆಮೊರಿಯಲ್ಲಿ ಇತ್ತು. ಲಾರ್ಡ್‌ಸಿಎಫ್‌ಜಿಯಲ್ಲಿ 'ಫಾಸಿಲ್ ಬಳಸು' ಅಂತ ಹೇಳಿದರೆ ಮುಗಿಯಿತು. ಹಾಗೆ ಹೇಳದೆ ಆಟವೇ ನೇರವಾಗಿ ಯುಎಆರ್‌ಟಿ ಚಿಪ್, ಅಂದರೆ ಸೀರಿಯಲ್ ಪೋರ್ಟ್ ಚಿಪ್, ಮುಟ್ಟಿದರೆ ಕಾಮ್1ರ ಇಂಟರಪ್ಟ್ ಲೈನಾದ ಐಆರ್‌ಕ್ಯು 4ಕ್ಕೆ ಇಬ್ಬರು ಯಜಮಾನರಾಗುತ್ತಾರೆ. ಮೊದಲ ಪರದೆ ಬರುತ್ತದೆ, ಆಮೇಲೆ ಎಲ್ಲ ಗಪ್‌ಚಿಪ್. ಇನ್ನೊಂದು ಮಾತು, ಫಾಸಿಲ್ ಪೋರ್ಟ್‌ಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಕಾಮ್1 ಅಂದರೆ ಅದಕ್ಕೆ ಪೋರ್ಟ್ 0.

ವೇಗದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಎರಡು ವೇಗಗಳಿವೆ. ಮೋಡೆಮ್‌ಗೂ ಮೋಡೆಮ್‌ಗೂ ನಡುವಿನದು ಒಂದು, ಉದಾಹರಣೆಗೆ ಸೆಕೆಂಡಿಗೆ 14400 ಬಿಟ್. ಕಂಪ್ಯೂಟರ್‌ಗೂ ಅದರ ಪಕ್ಕದ ಮೋಡೆಮ್‌ಗೂ ನಡುವಿನದು ಇನ್ನೊಂದು. ಅದನ್ನು ನಾನು 38400ಕ್ಕೆ ಕಟ್ಟಿಹಾಕಿದ್ದೇನೆ. ಡೋರ್‌ಗೆ ಬೇಕಾದದ್ದು ಎರಡನೆಯದು. ಡ್ರಾಪ್ ಫೈಲ್‌ನಲ್ಲಿ ಮೊದಲನೆಯದು ಬಂದು ಕೂತರೆ, ಆಟ ಪೋರ್ಟನ್ನು 14400ಕ್ಕೆ ತಿರುಗಿಸುತ್ತದೆ. ಮೋಡೆಮ್ ಇನ್ನೂ 38400ರಲ್ಲೇ ಇರುತ್ತದೆ. ಆ ಕಡೆಯವರ ಪರದೆಯ ಮೇಲೆ ಬರೀ ಕಸ. ಮದ್ದು ಸುಲಭ. ಫಾಸಿಲ್ ಲೋಡ್ ಮಾಡುವಾಗಲೇ ಪೋರ್ಟ್ 0ರ ವೇಗ ಲಾಕ್ ಮಾಡಬೇಕು. ಆಮೇಲೆ ಯಾರು ಬಂದು ವೇಗ ಬದಲಿಸು ಅಂದರೂ ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಡ್ರಾಪ್ ಫೈಲ್ ಏನೇ ಹೇಳಲಿ, ಲೈನ್ ಸುರಕ್ಷಿತ.

ಇಷ್ಟು ವೇಗಕ್ಕೆ ಹಳೇ 8250 ಅಥವಾ 16450 ಚಿಪ್ ಸಾಲದು. ಅಕ್ಷರಕ್ಕೆ ಹತ್ತು ಬಿಟ್ ಲೆಕ್ಕದಲ್ಲಿ 38400 ಅಂದರೆ ಸೆಕೆಂಡಿಗೆ 3840 ಅಕ್ಷರ. ಆ ಚಿಪ್‌ಗಳಲ್ಲಿ ಬಂದ ಒಂದೇ ಅಕ್ಷರಕ್ಕೆ ಜಾಗ. ಸೆಕೆಂಡಿನ ಸುಮಾರು ನಾಲ್ಕು ಸಾವಿರದಲ್ಲೊಂದು ಭಾಗದೊಳಗೆ ಪ್ರೊಸೆಸರ್ ಬಂದು ಎತ್ತಿಕೊಳ್ಳದಿದ್ದರೆ ಮುಂದಿನ ಅಕ್ಷರ ಅದರ ಮೇಲೇ ಬೀಳುತ್ತದೆ. 16550ಎ ಚಿಪ್‌ನಲ್ಲಿ 16 ಬೈಟ್ ಜಾಗ ಇದೆ, ಉಸಿರಾಡಬಹುದು. ಡಾಸ್ ಜೊತೆ ಬರುವ ಎಂಎಸ್‌ಡಿ ಓಡಿಸಿದರೆ ಯಾವ ಚಿಪ್ ಅಂತ ತೋರಿಸುತ್ತದೆ.

ಮೆನುವಿನಲ್ಲಿ ಸೇರಿಸುವುದು ಐದು ನಿಮಿಷದ ಕೆಲಸ. ರಿಮೋಟ್‌ಆಕ್ಸೆಸ್‌ನಲ್ಲಿ ಅದು ಟೈಪ್ 7, ಅಂದರೆ ಹೊರಗಿನ ಪ್ರೋಗ್ರಾಂ ಓಡಿಸುವುದು. ಬ್ಯಾಚ್ ಫೈಲ್ ಓಡಿಸಬೇಕಾದರೆ ಮುಂದೆ ಸ್ಟಾರ್-ಸಿ ಹಾಕಬೇಕು, ಆಗ ಕಮಾಂಡ್.ಕಾಮ್ ಮೂಲಕ ಹೋಗುತ್ತದೆ. ಸ್ಟಾರ್-ಎಂ ಹಾಕಿದರೆ ಬಿಬಿಎಸ್ ತನ್ನನ್ನು ಮೆಮೊರಿಯಿಂದ ಹೊರಗೆ ಸ್ವಾಪ್ ಮಾಡಿಕೊಂಡು ಆಟಕ್ಕೆ ಜಾಗ ಬಿಡುತ್ತದೆ. ಇರುವ 640ಕೆ ಒಳಗೆ ಡಾಸ್, ಫಾಸಿಲ್, ಬಿಬಿಎಸ್, ಆಟ ಎಲ್ಲ ಕೂರಬೇಕಲ್ಲ, ಸ್ವಾಪ್ ಇಲ್ಲದೆ ಆಗುವ ಮಾತಲ್ಲ. ಸ್ಟಾರ್-ಎನ್ ಇದ್ದ ಕಡೆ ನೋಡ್ ನಂಬರ್, ಅಂದರೆ ಬಿಬಿಎಸ್‌ನ ಎಷ್ಟನೇ ಲೈನ್ ಅನ್ನುವುದು, ಬಂದು ಕೂರುತ್ತದೆ. ಬ್ಯಾಚ್ ಫೈಲ್ ಮಾಡುವುದು ಇಷ್ಟು: ಆಟದ ಡೈರೆಕ್ಟರಿಗೆ ಹೋಗು, ಓಡಿಸು, ಬಿಬಿಎಸ್ ಡೈರೆಕ್ಟರಿಗೆ ವಾಪಸ್ ಬಾ. ಬ್ಯಾಚ್ ಒಳಗಿಂದ ಇನ್ನೊಂದು ಬ್ಯಾಚ್ ಓಡಿಸುವುದಿದ್ದರೆ ಮುಂದೆ ಕಾಲ್ ಅಂತ ಇರಲೇಬೇಕು. ಇಲ್ಲದಿದ್ದರೆ ಡಾಸ್ ವಾಪಸ್ ಬರುವುದೇ ಇಲ್ಲ, ನಿಮ್ಮ ಉಳಿದ ಸಾಲುಗಳು ಓಡುವುದೂ ಇಲ್ಲ.

ಇಲ್ಲಿಗೆ ಆಟ ಲೈನ್ ಮೇಲೆ ಓಡಿತು. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಅಸಲಿ ಪರೀಕ್ಷೆ ಇನ್ನೂ ಬಾಕಿ. ಆಟದ ನಟ್ಟ ನಡುವೆ, ಡ್ರ್ಯಾಗನ್ ಗೀಗನ್ ಏನೇ ಎದುರಿಗಿರಲಿ, ಆ ಕಡೆಯ ಮೋಡೆಮ್‌ನ ಫೋನ್ ವೈರ್ ಕಿತ್ತುಬಿಡಿ. ಆಮೇಲೆ ಈ ಕಡೆಯ ಮೋಡೆಮ್ ನೋಡುತ್ತಾ ಕೂರಿ. ಸಿಡಿ ದೀಪ ಆರಬೇಕು. ಅದು ಆರಿದ್ದನ್ನು ಆಟ ಗಮನಿಸಿ ತನ್ನ ಫೈಲ್‌ಗಳನ್ನು ಉಳಿಸಿ ಹೊರಬರಬೇಕು. ಬಿಬಿಎಸ್ ಎದ್ದು, ಕ್ಯಾರಿಯರ್ ಇಲ್ಲವೆಂದು ನೋಡಿ, ಮೋಡೆಮ್ ರೀಸೆಟ್ ಮಾಡಿ ಮುಂದಿನ ಕರೆಗೆ ಕಾಯಬೇಕು.

ದೀಪವೇ ಆರದಿದ್ದರೆ ಮೋಡೆಮ್ ಸೆಟ್ಟಿಂಗ್ ನೋಡಿ. ಎಟಿ&ಸಿ1 ಅಂದರೆ ಕ್ಯಾರಿಯರ್ ನಿಜವಾಗಿ ಇದ್ದಾಗ ಮಾತ್ರ ಇದೆ ಅನ್ನು ಅಂತ. &ಸಿ0 ಇದ್ದರೆ ಮೋಡೆಮ್ ಸದಾ ಇದೆ ಇದೆ ಅನ್ನುತ್ತಲೇ ಇರುತ್ತದೆ. ಆಟ ಯಾರೂ ಇಲ್ಲದ ಲೈನ್‌ಗೆ 'ಕೀ ಒತ್ತಿ' ಅಂತ ಹೇಳಿ ಕಾಯುತ್ತದೆ, ಬೇರೆ ಯಾರಿಗೂ ಲೈನ್ ಸಿಗುವುದಿಲ್ಲ. &ಡಿ2 ಕೂಡ ಬೇಕು. ಅದಿದ್ದರೆ ಕಂಪ್ಯೂಟರ್ ಡಿಟಿಆರ್ (ತಾನು ಸಿದ್ಧ ಅಂತ ಮೋಡೆಮ್‌ಗೆ ಹೇಳುವ ಸಿಗ್ನಲ್) ಇಳಿಸಿದ ಕೂಡಲೇ ಮೋಡೆಮ್ ಫೋನ್ ಕೆಳಗಿಡುತ್ತದೆ. ದೀಪ ಆರಿಯೂ ಆಟ ಹೊರಬರದಿದ್ದರೆ ಅದು ಆಟದ್ದೇ ದೋಷ. ಅಂಥ ಡೋರ್‌ಗಳಿಗೆ ವಾಚ್‌ಡಾಗ್ ಅನ್ನುವ ಥರದ, ಮೆಮೊರಿಯಲ್ಲೇ ಕೂತು ಕಾಯುವ ಪುಟ್ಟ ಟಿಎಸ್‌ಆರ್‌ಗಳು ಸಿಗುತ್ತವೆ. ಕ್ಯಾರಿಯರ್ ಹೋದರೆ ಮಷಿನ್ನನ್ನೇ ರೀಬೂಟ್ ಮಾಡುತ್ತವೆ. ಒರಟು ಉಪಾಯ. ಡೇಟಾ ಫೈಲ್ ತೆರೆದಿರುವಾಗ ರೀಬೂಟ್ ಆದರೆ ಯಾರ ಲೆಕ್ಕ ಎಲ್ಲಿ ಹರಿಯುತ್ತದೋ ಹೇಳಲಾಗದು. ಲಾರ್ಡ್ ಮರ್ಯಾದೆಯಾಗಿ ಹೊರಬಂತು, ಹಾಗಾಗಿ ನನಗೆ ಅದು ಬೇಕಾಗಲಿಲ್ಲ. ಹೊರಬರಲು ಒಪ್ಪದ ಇನ್ನೊಂದು ಪುಟ್ಟ ಡೋರ್ ಹಾಕಿ ನೋಡಿದೆ, ಅದನ್ನು ಮೆನುವಿನಿಂದಲೇ ತೆಗೆದುಬಿಟ್ಟೆ. ಒಂದೇ ಲೈನ್ ಇರುವಾಗ ಅಂಥ ಆಟ ಸಾಕುವುದು ದಂಡ.

ಆ ಕಡೆಯ ಪರದೆಯ ಬಗ್ಗೆ ಎರಡು ಮಾತು. ಬಣ್ಣ, ಚೌಕಟ್ಟು ಎಲ್ಲ ಆನ್ಸಿ ಕೋಡ್ ಮತ್ತು ಐಬಿಎಂ ಪಿಸಿಯ 437 ಕೋಡ್ ಪೇಜ್ ನಂಬಿಕೊಂಡಿವೆ. ಡಾಸ್‌ನ ಟೆಲಿಕ್ಸ್, ಇಲ್ಲಾ ಈಗಿನ ಸಿಂಕ್‌ಟರ್ಮ್ ಆದರೆ ಎಲ್ಲ ಸರಿಯಾಗಿ ಕಾಣುತ್ತದೆ. ಮಾಮೂಲಿ ಟರ್ಮಿನಲ್‌ನಲ್ಲಿ ನೋಡಿದರೆ ಚೌಕಟ್ಟಿನ ಗೆರೆಗಳ ಜಾಗದಲ್ಲಿ ಸೊಟ್ಟಸೊಟ್ಟ ಅಕ್ಷರ. ಬಣ್ಣವೇ ಬರದಿದ್ದರೆ ಮತ್ತೆ ಡ್ರಾಪ್ ಫೈಲಿನ ಹತ್ತನೇ ಸಾಲು ನೋಡಿ, ಬಳಕೆದಾರರ ಸೆಟ್ಟಿಂಗ್‌ನಲ್ಲಿ ಆನ್ಸಿ ಆಫ್ ಆಗಿರುತ್ತದೆ.

ಕೊನೆಗೆ ಗಡಿಯಾರ. ಲಾರ್ಡ್ ದಿನದ ಲೆಕ್ಕದ ಆಟ. ತಾರೀಖು ಬದಲಾದ ಮೇಲೆ ಮೊದಲು ಬಂದವರು ಒಳಗೆ ಕಾಲಿಟ್ಟಾಗ ಹೊಸ ದಿನದ ಲೆಕ್ಕ ಬರೆಯುತ್ತದೆ. ಹಳೇ ಮದರ್‌ಬೋರ್ಡ್‌ನ ಸಿಮಾಸ್ ಬ್ಯಾಟರಿ ಸತ್ತಿದ್ದರೆ ಪವರ್ ಹೋಗಿ ಬಂದಾಗ ತಾರೀಖು 1980ಕ್ಕೆ ಹೋಗಿ ನಿಲ್ಲಬಹುದು. ಆಮೇಲೆ ನೀವು ಸರಿಯಾದ ತಾರೀಖು ಹಾಕುತ್ತೀರಿ. ಎಷ್ಟೋ ದಿನ ಬಾರದವರನ್ನು ಪಟ್ಟಿಯಿಂದ ಕಿತ್ತುಹಾಕುವ ಆಟಗಳಿಗೆ, ಆ ನಡುವೆ ಬಂದು ಆಡಿದವರೆಲ್ಲ ವರ್ಷಗಟ್ಟಲೆ ನಾಪತ್ತೆ ಅಂತ ಕಾಣುತ್ತದೆ! ಹಾಗಾಗಿ ಬ್ಯಾಟರಿ ಬದಲಿಸಿದೆ. ಜೊತೆಗೆ ಬಿಬಿಎಸ್‌ನ ರಾತ್ರಿ ಇವೆಂಟ್‌ನಲ್ಲಿ ಆಟದ ಡೈರೆಕ್ಟರಿಯನ್ನು ಜಿಪ್ ಮಾಡಿಡುವ ಒಂದು ಸಾಲು ಸೇರಿಸಿದೆ. ಹಿಂದಿನ ಕೆಲವು ರಾತ್ರಿಗಳ ಜಿಪ್ ಡಿಸ್ಕ್‌ನಲ್ಲಿ ಉಳಿಯುತ್ತವೆ, ಅದಕ್ಕೂ ಹಳೆಯದನ್ನು ಅದೇ ಬ್ಯಾಚ್ ಫೈಲ್ ಅಳಿಸುತ್ತದೆ.