ಎಡಗಡೆ ಸ್ಪೀಕರ್ ಸುಟ್ಟುಕೊಂಡು ಕಲಿತದ್ದು: ಕಂಪ್ಯೂಟರ್ ಸ್ಪೀಕರ್‌ಗೆ ಹೋಮ್ ಥಿಯೇಟರ್ ರಿಸೀವರ್

ನನ್ನ ಮೇಜಿನ ಕೆಳಗಿದ್ದ ಕಂಪ್ಯೂಟರಿನ 2.1 ಸೆಟ್ಟು (ಎರಡು ಪುಟ್ಟ ಸ್ಪೀಕರ್, ಒಂದು ಬಾಸ್ ಡಬ್ಬಿ) ಮೊದಲು ಗುಂಯ್ ಅನ್ನಲು ಶುರು ಮಾಡಿತು. ಒಂದು ವಾರ ಡಬ್ಬಿಯ ತಲೆ ಮೇಲೆ ತಟ್ಟಿದರೆ ಸುಮ್ಮನಾಗುತ್ತಿತ್ತು. ಆಮೇಲೆ ತಟ್ಟದೆಯೇ ಸುಮ್ಮನಾಯಿತು, ಮತ್ತೆ ಏಳಲಿಲ್ಲ. ಅದೇ ಹೊತ್ತಿಗೆ ನನ್ನ ತಮ್ಮ ಟಿವಿಗೆ ಸೌಂಡ್‌ಬಾರ್ ತಂದಿದ್ದ. ಅವನ ಹಳೇ 5.1 ರಿಸೀವರ್, ಅಂದರೆ ಹೋಮ್ ಥಿಯೇಟರಿನ ಐದು ಸ್ಪೀಕರ್ ನಡೆಸುವ ಆಂಪ್ಲಿಫೈಯರ್ ಡಬ್ಬಿ, ಮೂಲೆ ಸೇರಿತ್ತು. "ಅಕ್ಕ, ಬೇಕಿದ್ರೆ ತಗೊಂಡು ಹೋಗು, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ" ಅಂದ. ಎತ್ತಿದರೆ ಸೊಂಟ ಹಿಡಿಯುವಂಥ ಭಾರ. ಆದರೂ ಹೊತ್ತು ತಂದೆ.

ಸತ್ತದ್ದು ಆಂಪ್ಲಿಫೈಯರ್ ಮಾತ್ರ. ಎರಡು ಪುಟ್ಟ ಸ್ಪೀಕರ್‌ಗಳು ಚೆನ್ನಾಗಿಯೇ ಇದ್ದವು. ಅವನ್ನು ರಿಸೀವರ್‌ಗೆ ಜೋಡಿಸಿದರೆ ಆಯ್ತಲ್ವಾ ಅಂದುಕೊಂಡೆ. ಆಗುತ್ತದೆ. ಆದರೆ ನಾನು ಮೊದಲ ದಿನ ಮಾಡಿದ ಹಾಗೆ ಮಾಡಬೇಡಿ.

ಮೊದಲು ನಿಮ್ಮ ಸೆಟ್ಟಿನಲ್ಲಿ ಆಂಪ್ಲಿಫೈಯರ್ ಎಲ್ಲಿದೆ ಅಂತ ಪತ್ತೆ ಮಾಡಿ. 2.1 ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಅದು ಸಬ್‌ವೂಫರ್ (ಬಾಸ್) ಡಬ್ಬಿಯೊಳಗೇ ಇರುತ್ತದೆ. ಅಕ್ಕಪಕ್ಕದ ಪುಟ್ಟ ಸ್ಪೀಕರ್‌ಗಳಿಗೆ ಕರೆಂಟಿನ ವೈರ್ ಇರುವುದಿಲ್ಲ, ಡಬ್ಬಿಯಿಂದ ಎರಡೆಳೆಯ ವೈರ್ ಮಾತ್ರ ಬಂದಿರುತ್ತದೆ. ನಮಗೆ ಬೇಕಾದದ್ದು ಇಂಥವು. ಎರಡೇ ಸ್ಪೀಕರ್ ಇರುವ ಸೆಟ್ಟಿನಲ್ಲಾದರೆ ಪ್ಲಗ್ ಮತ್ತು ವಾಲ್ಯೂಮ್ ತಿರುಪು ಇರುವ ಕಡೆ ಆಂಪ್ಲಿಫೈಯರ್ ಇರುತ್ತದೆ, ಇನ್ನೊಂದು ಖಾಲಿ. ಆ ಮೊದಲನೆಯದನ್ನು ಬಿಚ್ಚಿ, ಕೋನಿನ (ಸ್ಪೀಕರಿನಲ್ಲಿ ಅಲುಗಾಡುವ ತಟ್ಟೆ) ಹಿಂದಿನ ಎರಡು ವೈರನ್ನು ಬೋರ್ಡಿನಿಂದ ಬಿಡಿಸಿ ಹೊರಗೆ ತರಬೇಕು. ಪ್ಲಗ್ ಕಿತ್ತ ಕೂಡಲೇ ಕೈ ಹಾಕಬೇಡಿ, ದಪ್ಪ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಇನ್ನೊಂದು ಮಾತು. ರಿಸೀವರಿನ ಸ್ಪೀಕರ್ ಟರ್ಮಿನಲ್‌ನಿಂದ ಬರುವ ವೈರನ್ನು, ಆಂಪ್ಲಿಫೈಯರ್ ಇರುವ ಸ್ಪೀಕರಿನ ಕಂಪ್ಯೂಟರಿಗೆ ಚುಚ್ಚುವ ಹಸಿರು ಪಿನ್ನಿಗೆ ಯಾವತ್ತೂ ಕೊಡಬೇಡಿ. ಅದು ಸಣ್ಣ ಸಿಗ್ನಲ್ ಕುಡಿಯುವ ಬಾಯಿ, ನೀವು ಕೊಡುತ್ತಿರುವುದು ಸ್ಪೀಕರ್ ಕುಣಿಸುವ ವೋಲ್ಟೇಜ್.

ಈಗ ಓಮ್ ಲೆಕ್ಕ, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ರಿಸೀವರಿನ ಬೆನ್ನ ಮೇಲೆ ಸ್ಪೀಕರ್ ಟರ್ಮಿನಲ್ ಪಕ್ಕ 6 ಅಥವಾ 8 ಓಮ್ ಅಂತ ಅಚ್ಚಾಗಿರುತ್ತದೆ. ಕಂಪ್ಯೂಟರ್ ಸ್ಪೀಕರ್‌ಗಳು ಹೆಚ್ಚಾಗಿ 4 ಓಮಿನವು. ಮಲ್ಟಿಮೀಟರ್ ಇದ್ದರೆ ವೈರ್ ಬಿಡಿಸಿ ಅಳೆಯಿರಿ. ಮೊದಲು ಅದರ ಎರಡು ಮುಳ್ಳನ್ನು ಒಂದಕ್ಕೊಂದು ಮುಟ್ಟಿಸಿ, ಬಂದ ಅಂಕಿಯನ್ನು ಕಳೆಯಿರಿ. ನನ್ನದರಲ್ಲಿ 0.2 ಬಂತು. ಸ್ಪೀಕರಿಗೆ ಹಿಡಿದಾಗ 3.6, ಅಂದರೆ ನಿಜವಾದದ್ದು 3.4. ಮೀಟರ್ ತೋರಿಸುವುದು ಡಿಸಿ ರೆಸಿಸ್ಟೆನ್ಸ್, ಅದು ಹೆಸರಿಗಿರುವ ಓಮಿಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. 3.4 ಬಂದರೆ 4 ಓಮ್ ಸ್ಪೀಕರ್, 6.5ರ ಆಸುಪಾಸು ಬಂದರೆ 8 ಓಮಿನದು.

ಓಮ್ ಕಡಿಮೆಯಾದಷ್ಟೂ ಸ್ಪೀಕರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ರಿಸೀವರ್ ಬಿಸಿಯಾಗುತ್ತದೆ, ಹೆಚ್ಚಾದರೆ ಪ್ರೊಟೆಕ್ಷನ್‌ಗೆ ಹೋಗಿ ಟಕ್ ಅಂತ ಆಫ್ ಆಗುತ್ತದೆ. ಮೇಜಿನ ಮುಂದೆ ಕೂತು ಕೇಳುವವರಿಗೆ ಇದು ದೊಡ್ಡ ಭಯವಲ್ಲ ಅನ್ನುವುದು ನನ್ನ ಅನುಭವ. ಒಂದು ಮೀಟರ್ ದೂರಕ್ಕೆ ಒಂದು ವಾಟ್ ಧಾರಾಳ. ಮನೆ ತುಂಬ ಕೇಳಿಸಬೇಕು ಅನ್ನುವವರು 4 ಓಮ್ ಸ್ಪೀಕರ್ ಜೋಡಿಸಲೇಬೇಡಿ. ಮಧ್ಯೆ ರೆಸಿಸ್ಟರ್ ಹಾಕಿ 8 ಮಾಡುವ ಉಪಾಯ ಕೆಲವರು ಹೇಳುತ್ತಾರೆ. ಅರ್ಧ ಪವರ್ ಸುಮ್ನೆ ಬಿಸಿಯಾಗಿ ಹೋಗುತ್ತದೆ, ದನಿಯೂ ಬದಲಾಗುತ್ತದೆ. ನಾನಂತೂ ಹಾಕಲಿಲ್ಲ. ರಿಸೀವರಿನ ಮೇಲೆ ಪುಸ್ತಕ, ಪೇಪರ್ ಇಡದೆ ಗಾಳಿಯಾಡಲು ಬಿಟ್ಟೆ, ಅಷ್ಟೇ.

ಸೆಟ್ಟಿನ ಜೊತೆ ಬಂದ ಕೂದಲಿನಂಥ ವೈರ್ ಎರಡಡಿಗೆ ಸಾಕು. ನಾನು 5 ಮೀಟರ್ ಎಳೆಯಬೇಕಿತ್ತು. 26 ಗೇಜ್ ವೈರಾದರೆ (ಗೇಜ್ ಅಂಕಿ ಜಾಸ್ತಿಯಾದಷ್ಟೂ ವೈರ್ ತೆಳು) ಹೋಗಿಬರುವ 10 ಮೀಟರಿಗೆ ಸುಮಾರು 1.3 ಓಮ್ ಆಗುತ್ತದೆ. 4 ಓಮ್ ಸ್ಪೀಕರಿನ ಮುಂದೆ ಅದು ಮೂರನೇ ಒಂದು ಪಾಲು! 18 ಗೇಜಿನಲ್ಲಿ ಅದೇ ದೂರಕ್ಕೆ 0.2 ಓಮ್. ಹಾಗಾಗಿ ಹಳೇ ಪಿನ್ ಕತ್ತರಿಸಿ 18 ಗೇಜ್ ವೈರ್ ಬೆಸೆದೆ. ಟರ್ಮಿನಲ್‌ಗೆ ಹಾಕುವಾಗ ತಾಮ್ರದ ಎಳೆಗಳನ್ನು ಚೆನ್ನಾಗಿ ಹುರಿ ಮಾಡಿ. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್ ಮುಟ್ಟಿದರೂ ಶಾರ್ಟ್.

ಕತ್ತರಿಸಿದ ವೈರಿನಲ್ಲಿ ಪ್ಲಸ್ ಯಾವುದು ಅಂತ ಗೊತ್ತಾಗದಿದ್ದರೆ ಗಡಿಯಾರದ 1.5 ವೋಲ್ಟ್ ಸೆಲ್ ತನ್ನಿ. ಸೆಲ್ಲಿನ ಎರಡು ತುದಿಗೆ ಎರಡು ವೈರನ್ನು ಅರೆಕ್ಷಣ ಮುಟ್ಟಿಸಿ ತೆಗೆಯಿರಿ. ಟಪ್ ಅನ್ನುತ್ತದೆ. ಜಾಲರಿ ತೆಗೆದು, ಬೆಳಕನ್ನು ಓರೆಯಾಗಿ ಬಿಟ್ಟು ಕೋನನ್ನೇ ನೋಡುತ್ತಿರಿ. ಹೊರಗೆ ನೆಗೆದರೆ ಸೆಲ್ಲಿನ ಪ್ಲಸ್‌ಗೆ ಮುಟ್ಟಿದ ವೈರೇ ಪ್ಲಸ್. ಒಳಗೆ ಹೋದರೆ ಉಲ್ಟಾ. ಎರಡು ಸ್ಪೀಕರಿನಲ್ಲಿ ಒಂದು ಉಲ್ಟಾ ಆದರೆ ಏನೂ ಸುಡುವುದಿಲ್ಲ, ಆದರೆ ಹಾಡುವವರು ಎದುರಿಗೆ ನಿಲ್ಲುವ ಬದಲು ಎಲ್ಲೋ ಚದುರಿದ ಹಾಗೆ ಕೇಳುತ್ತದೆ.

ಇಲ್ಲಿಯವರೆಗೆ ನಾನೂ ಸರಿಯಾಗಿಯೇ ಮಾಡಿದ್ದೆ. ಎಡವಿದ್ದು ರಿಸೀವರಿನ ಸೆಟಪ್ ಮೆನುವಿನಲ್ಲಿ. ಸಬ್‌ವೂಫರ್ ಇದೆಯಾ ಅಂತ ಕೇಳಿತು. ಸತ್ತಿದೆಯಲ್ಲ, ಪ್ರಾಮಾಣಿಕವಾಗಿ "ನೋ" ಅಂತ ಒತ್ತಿದೆ. ಹಾಗೆ ಹೇಳಿದರೆ ಹೆಚ್ಚಿನ ರಿಸೀವರ್‌ಗಳು ಮುಂದಿನ ಎರಡು ಸ್ಪೀಕರನ್ನು ತಾವಾಗಿಯೇ "ಲಾರ್ಜ್" ಮಾಡಿಬಿಡುತ್ತವೆ. ಬಾಸ್ ಎಲ್ಲಾದರೂ ಹೋಗಬೇಕಲ್ಲ! ಹೋಗಿದ್ದು ನನ್ನ ಎರಡೂವರೆ ಇಂಚಿನ ಸ್ಪೀಕರಿಗೆ.

ಹಳೇ ಸೆಟ್ಟಿನಲ್ಲಿ ಆಂಪ್ಲಿಫೈಯರೇ ಬಾಸನ್ನು ಸೋಸಿ ದೊಡ್ಡ ಡಬ್ಬಿಗೆ ಇಟ್ಟುಕೊಂಡು, ಮಿಕ್ಕಿದ್ದನ್ನು ಮಾತ್ರ ಪುಟ್ಟವಕ್ಕೆ ಕೊಡುತ್ತಿತ್ತು. ಅವು ಹುಟ್ಟಿದಾಗಿನಿಂದ ಬಾಸ್ ಕಂಡೇ ಇರಲಿಲ್ಲ. ಹರ್ಟ್ಜ್ ಅಂಕಿ ಕಡಿಮೆಯಾದಷ್ಟೂ ಸ್ವರ ತಗ್ಗು. 200 ಹರ್ಟ್ಜ್ ಸ್ವರದಷ್ಟೇ ಜೋರಾಗಿ 100 ಹರ್ಟ್ಜ್ ಕೇಳಿಸಬೇಕಾದರೆ ಕೋನ್ ನಾಲ್ಕು ಪಟ್ಟು ಆಡಬೇಕು. 50 ಹರ್ಟ್ಜ್‌ಗೆ ಹದಿನಾರು ಪಟ್ಟು. ನಾನು ವಾಲ್ಯೂಮ್ ಏರಿಸಿದೆ. ಎಡಗಡೆ ಪಟಪಟ ಸದ್ದು ಬಂತು, ಏನೋ ವೈರ್ ಸಡಿಲ ಅಂದುಕೊಂಡೆ. ಆಮೇಲೆ ವಾರ್ನಿಷ್ ಸುಟ್ಟ ವಾಸನೆ. ಮೀಟರ್ ಹಿಡಿದರೆ 3.4 ಹೋಗಿ ಓಪನ್ ಅಂತ ತೋರಿಸಿತು. ಕಾಯಿಲ್ ಕಡಿದಿತ್ತು. ಕೊನೆಗೆ ಅದೇ ಅಳತೆಯ, 4 ಓಮಿನ ಡ್ರೈವರನ್ನು (ಕೋನ್, ಕಾಯಿಲ್ ಇರುವ ಭಾಗ) ಎರಡೂ ಕಡೆ ಹಾಕಿದೆ. ಒಂದೇ ಬದಲಾಯಿಸಿದರೆ ಎಡಕ್ಕೊಂದು ದನಿ, ಬಲಕ್ಕೊಂದು ದನಿ ಆಗುತ್ತದೆ.

ಹಾಗಾಗಿ ಸಬ್ ಇಲ್ಲದಿದ್ದರೂ ಮೆನುವಿನಲ್ಲಿ "ಯೆಸ್" ಅನ್ನಿ. ಸುಳ್ಳೇ, ಆದರೆ ಒಳ್ಳೆಯ ಸುಳ್ಳು. ಆಮೇಲೆ ಮುಂದಿನ ಸ್ಪೀಕರ್‌ಗಳನ್ನು "ಸ್ಮಾಲ್" ಮಾಡಿ, ಕ್ರಾಸೋವರ್ (ಇದರ ಕೆಳಗಿನ ಬಾಸ್ ಸಬ್ಬಿನ ಕಡೆ ಹೋಗುವ ಗಡಿ) 200 ಹರ್ಟ್ಜ್ ಇಡಿ. ದೊಡ್ಡ ಸ್ಪೀಕರಿಗೆ ಎಲ್ಲರೂ ಹೇಳುವ 80 ಇಲ್ಲಿ ನಡೆಯುವುದಿಲ್ಲ. 200 ಇಲ್ಲದಿದ್ದರೆ ಇರುವುದರಲ್ಲಿ ದೊಡ್ಡ ಅಂಕಿ. ರಿಸೀವರ್ ಜೊತೆ ಬಂದ ಮೈಕ್ ಇಟ್ಟು ಆಟೋ ಸೆಟಪ್ ಮಾಡಿದರೂ, ಮುಗಿದ ಮೇಲೆ ಮೆನುಗೆ ಹೋಗಿ ಇದನ್ನು ಕಣ್ಣಾರೆ ನೋಡಿ. ಕೆಲವು ರಿಸೀವರ್‌ಗಳಲ್ಲಿ "ಪ್ಯೂರ್ ಡೈರೆಕ್ಟ್" ಒತ್ತಿದರೆ ಈ ಸೋಸುವಿಕೆ ಬಿಟ್ಟುಹೋಗುತ್ತದೆ. ಪುಟ್ಟ ಸ್ಪೀಕರ್ ಇರುವವರಿಗೆ ಆ ಬಟನ್ ಬೇಡ.

ಬಾಸ್ ಇಲ್ಲದೆ ಕೇಳಿದರೆ ರೇಡಿಯೋ ಕೇಳಿದ ಹಾಗಿರುತ್ತದೆ. ನಿಮ್ಮ ಹಳೇ ಸಬ್ಬಿನ ಆಂಪ್ಲಿಫೈಯರ್ ಬದುಕಿದ್ದರೆ ಕೆಲಸ ಸುಲಭ. ರಿಸೀವರಿನ "ಸಬ್‌ವೂಫರ್ ಪ್ರೀ ಔಟ್" ತೂತಿನಿಂದ ಆರ್‌ಸಿಎ ವೈರ್ ತಂದು, ಒಂದನ್ನು ಎರಡು ಮಾಡುವ ಕನೆಕ್ಟರ್ ಹಾಕಿ, ಸಬ್ಬಿನ ಎಡ ಬಲ ಎರಡೂ ಇನ್‌ಪುಟ್‌ಗೆ ಕೊಡಿ. ವಾಲ್ಯೂಮ್ ತಿರುಪಿರುವ ಪುಟ್ಟ ರಿಮೋಟು ವೈರಿನಲ್ಲಿ ಬಂದಿದ್ದರೆ ಅದನ್ನು ಕೀಳಬೇಡಿ, ಅದಿಲ್ಲದೆ ಕೆಲವು ಸಬ್‌ಗಳು ಆನ್ ಆಗುವುದೇ ಇಲ್ಲ.

ನನ್ನದು ಸತ್ತಿತ್ತು. ಪ್ರೀ ಔಟ್‌ನಿಂದ ಬರುವುದು ಬರೀ ಸಿಗ್ನಲ್, ಅದರಿಂದ ನೇರವಾಗಿ ಕೋನ್ ಅಲುಗಾಡುವುದಿಲ್ಲ. ಡಬ್ಬಿಯೊಳಗಿನ ಹಳೇ ಬೋರ್ಡ್, ಟ್ರಾನ್ಸ್‌ಫಾರ್ಮರ್ ಎಲ್ಲ ಕಿತ್ತು, ಟಿಪಿಎ3118 ಚಿಪ್ಪಿನ ಒಂದೇ ಚಾನೆಲಿನ ಪುಟ್ಟ ಬೋರ್ಡ್ ಕೂರಿಸಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಆ ಚಿಪ್ 26 ವೋಲ್ಟ್‌ವರೆಗೆ ತಡೆಯುತ್ತದೆ, ನಾನು ಕೊಟ್ಟದ್ದು ಹಾಳಾದ ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರ್. ಇಂಥ ಬೋರ್ಡಿನಲ್ಲಿ ಔಟ್‌ಪುಟ್‌ನ ಮೈನಸ್ ಅಂದರೆ ಗ್ರೌಂಡ್ ಅಲ್ಲ. ಎರಡು ವೈರೂ ನೇರ ಕೋನಿಗೆ ಹೋಗಬೇಕು, ಬೇರೆ ಯಾವುದಕ್ಕೂ ತಾಗಬಾರದು. ಟ್ರಾನ್ಸ್‌ಫಾರ್ಮರ್ ಕಿತ್ತ ಜಾಗದ ಸ್ಕ್ರೂ ತೂತುಗಳಿಂದ ಪುಸ್ ಪುಸ್ ಅಂತ ಗಾಳಿ ಬರುತ್ತಿತ್ತು. ಎಂ-ಸೀಲ್ ಮೆತ್ತಿದೆ, ನಿಂತಿತು.

ಕಂಪ್ಯೂಟರಿನಿಂದ ರಿಸೀವರಿಗೆ ಮೊದಲು ಹೆಡ್‌ಫೋನ್ ತೂತಿನಿಂದ ಆರ್‌ಸಿಎ ವೈರ್ ಹಾಕಿದ್ದೆ. ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದ ಕೂಡಲೇ ಮತ್ತೆ ಅದೇ ಗುಂಯ್. ಎದೆ ಧಸಕ್ ಅಂತು. ಚಾರ್ಜರ್ ಕಿತ್ತರೆ ನಿಲ್ಲುತ್ತದೆ ಅಂದರೆ ಅದು ಗ್ರೌಂಡ್ ಲೂಪ್, ಎರಡು ಉಪಕರಣಗಳ ಗ್ರೌಂಡ್ ಎರಡು ದಾರಿಯಲ್ಲಿ ಸೇರುವುದರಿಂದ ಬರುವ ಗುಂಯ್. ಆಪ್ಟಿಕಲ್ ವೈರ್ ಇದ್ದರೆ ಈ ಕಾಟವೇ ಇಲ್ಲ, ಅದರಲ್ಲಿ ಹೋಗುವುದು ಬರೀ ಬೆಳಕು. ನನ್ನ ಲ್ಯಾಪ್‌ಟಾಪಿನಲ್ಲಿ ಆಪ್ಟಿಕಲ್ ಇರಲಿಲ್ಲ, ಎಚ್‌ಡಿಎಂಐ ಹಾಕಿದೆ, ಗುಂಯ್ ಹೋಯಿತು. ಆಮೇಲೆ ವಿಂಡೋಸ್ ಸೌಂಡ್ ಸೆಟ್ಟಿಂಗಿನಲ್ಲಿ ರಿಸೀವರ್ ಆರಿಸಿ, ಸ್ಟೀರಿಯೋ ಅಂತಲೇ ಇಡಿ. ಎರಡೇ ಸ್ಪೀಕರ್ ಇಟ್ಟುಕೊಂಡು 5.1 ಅಂತ ಕೊಟ್ಟರೆ, ಸೆಂಟರ್ ಸ್ಪೀಕರ್ ಇಲ್ಲ ಅಂತ ರಿಸೀವರಿಗೂ ಹೇಳಿರಬೇಕು. ಇಲ್ಲವಾದರೆ ಸಿನಿಮಾದಲ್ಲಿ ಮಾತೇ ಕೇಳುವುದಿಲ್ಲ, ಮಳೆ ಗಾಳಿ ಮಾತ್ರ ಕೇಳುತ್ತದೆ.

ಮೆನುವಿನಲ್ಲಿ "ಮ್ಯಾಕ್ಸ್ ವಾಲ್ಯೂಮ್" ಅಂತ ಇದ್ದರೆ ಅದಕ್ಕೂ ಒಂದು ಮಿತಿ ಹಾಕಿಬಿಡಿ. ನಾನು ಮೈನಸ್ 25 ಡೆಸಿಬಲ್‌ಗೆ ಕಟ್ಟಿಹಾಕಿದ್ದೇನೆ, ತಮ್ಮ ಬಂದಾಗ ತಿರುಪಿನ ಮೇಲೆ ಕೈ ಹಾಕದೆ ಇರುವವನಲ್ಲ. ಎಚ್‌ಡಿಎಂಐನ ಒಂದು ಕಿರಿಕಿರಿ ಮಾತ್ರ ಉಳಿದಿದೆ. ವಿಂಡೋಸ್ ರಿಸೀವರನ್ನು ಎರಡನೇ ಮಾನಿಟರ್ ಅಂದುಕೊಳ್ಳುತ್ತದೆ. ಮೌಸ್ ಬಾಣ ಬಲಕ್ಕೆ ಜಾರಿ ಆ ಇಲ್ಲದ ಪರದೆಗೆ ಹೋಗಿ ಕೂರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಆ ಪರದೆಯನ್ನು ಎಳೆದು ಒಂದು ಮೂಲೆಗೆ ಮಾತ್ರ ತಾಗುವ ಹಾಗೆ ಇಟ್ಟಿದ್ದೇನೆ. ಈಗ ವಾರಕ್ಕೊಮ್ಮೆ ಮಾತ್ರ ಕಳೆದುಹೋಗುತ್ತದೆ.